ರೂಮು ನೋಡಲು ಹೋದವಳು

"ಅಯ್ಯೋ... ಯಾರಾದ್ರೂ ಬನ್ನೀ!"

ಗಂಟಲು ಹರಿಯುವ ಹಾಗೆ ಕಿರುಚಿದ ಭಾನುಪ್ರಿಯ, ಆಮೇಲೆ ಬಾಗಿಲ ಕಡೆ ನೋಡುತ್ತಾ ಸುಮ್ಮನೆ ನಿಂತಳು.

ಅವಳಿಗೆ ಏನೂ ಆಗಿರಲಿಲ್ಲ. ಬೆಂಗಳೂರಿನಲ್ಲಿ ಬೆಳಗಿನಿಂದ ಇದು ಮೂರನೇ ಹೋಟೆಲು, ಮೂರನೇ ಕೂಗು. ಮೊದಲೆರಡು ಕಡೆ ಒಂದು ನರಪಿಳ್ಳೆಯೂ ಅತ್ತ ಸುಳಿದಿರಲಿಲ್ಲ.

ಇಲ್ಲಿ ಬಾಗಿಲು ದಡಾರನೆ ತೆರೆಯಿತು. ಮೈಯೆಲ್ಲ ಕಲ್ಲಿನ ಧೂಳು ಮೆತ್ತಿಕೊಂಡಿದ್ದ ಒಬ್ಬ ಗಂಡಸು, ಕೈಯಲ್ಲಿ ಸುತ್ತಿಗೆ ಎತ್ತಿ ಹಿಡಿದು ಒಳಗೆ ನುಗ್ಗಿದ.

ಭಾನು ಯೋಚಿಸಲಿಲ್ಲ. ಮೇಜಿನ ಮೇಲಿದ್ದ ಹಿತ್ತಾಳೆಯ ಹೂದಾನಿ ಎತ್ತಿ ಅವನ ಹಣೆಗೆ ಬಾರಿಸಿಬಿಟ್ಟಳು.

ಹೂವು, ನೀರು, ರಕ್ತ ಮೂರೂ ಒಟ್ಟಿಗೆ ಬಿಳಿ ಹಾಸಿಗೆಯ ಮೇಲೆ ಚೆಲ್ಲಿದವು.

"ಅವ್ವಾ..." ಎನ್ನುತ್ತಾ ಅವನು ಮಂಚ ಹಿಡಿದು ಕುಸಿದ. "ಕೂಗಿದ್ದು ನೀವೇ ತಾನೆ? ಕಾಪಾಡಕ್ಕೆ ಬಂದೋನ್ಗೇ ಹಿಂಗ್ ಹೊಡೀತಾರಾ?"

"ಸುತ್ತಿಗೆ ಹಿಡ್ಕಂಡ್ ಬಂದೋರ್ಗೆ ಆರತಿ ಎತ್ಬೇಕಿತ್ತಾ?"

"ಪಕ್ಕದ ಬಚ್ಚಲಲ್ಲಿ ಕಲ್ಲು ಕೂರುಸ್ತಿದ್ದೆ ಕಣ್ರೀ. ಕೈಲಿದ್ದುದ್ನ ಮಡಗಿ ಬರೋಕೆ ಟೈಮ್ ಎಲ್ಲಿತ್ತು? ನಿಮ್ಗೇನಾಗಿತ್ತು, ಅದ್ನ ಹೇಳಿ."

ಭಾನುವಿನ ಮುಖ ಸಪ್ಪಗಾಯಿತು. "ಏನೂ ಆಗಿರ್ಲಿಲ್ಲ. ಕೂಗುದ್ರೆ ಯಾರಾದ್ರೂ ಬತ್ತಾರಾ ಅಂತ ನೋಡ್ದೆ."

ಹಣೆಯಿಂದ ರಕ್ತ ಸುರಿಯುತ್ತಿದ್ದರೂ ಅವನಿಗೆ ನಗು ಬಂತು. ಆ ನಗು ನೋಡಿ ಭಾನುವಿಗೆ ಅಳು ಬಂತು. ತನ್ನ ದುಪಟ್ಟ ಸುತ್ತಿ ಅವನ ಹಣೆಗೆ ಒತ್ತಿ ಹಿಡಿದಳು.

ಅದು ಎರಡು ಸಾವಿರದ ಏಳನೇ ಇಸವಿ. ಬಿಡದಿಯ ರಾಗಿ ಹೊಲಗಳಲ್ಲಿ ಒಂದರ ಪಕ್ಕ ಒಂದು ಕಾರ್ಖಾನೆ ಏಳುತ್ತಿದ್ದ ಕಾಲ. ಭಾನು ಕೆಲಸ ಮಾಡುತ್ತಿದ್ದುದು ಕಾರಿನ ಸೀಟು ತಯಾರಿಸುವ ಕಾರ್ಖಾನೆಯ ಆಫೀಸಿನಲ್ಲಿ. ಹೊರದೇಶದಿಂದ ಮೂವರು ಹೆಣ್ಣು ಇಂಜಿನಿಯರುಗಳು ಬರುವವರಿದ್ದರು. ಹೋದ ಸಲ ಬಂದವಳ ಕೋಣೆಯ ಬಾಗಿಲನ್ನು ಯಾವನೋ ಕುಡುಕ ಒದ್ದು, ಅವಳು ಎಷ್ಟು ಕೂಗಿಕೊಂಡರೂ ಆ ದೊಡ್ಡ ಹೋಟೆಲಿನಲ್ಲಿ ಯಾರೂ ಬಂದಿರಲಿಲ್ಲ.

"ಈ ಸಲ ಚಿಕ್ಕದು, ಚೆಂದದ್ದು, ಬುಟೀಕ್ ಹೋಟೆಲ್ ನೋಡು," ಎಂದಿದ್ದರು ಮ್ಯಾನೇಜರ್ ಮೇಡಂ. "ಚೆಂದ ಆಮೇಲೆ, ಭದ್ರ ಮೊದಲು."

ಬುಟೀಕ್ ಎಂದರೆ ರವಿಕೆ ಹೊಲಿಯುವ ಅಂಗಡಿ ಎಂದಷ್ಟೇ ತಿಳಿದಿದ್ದ ಭಾನು ತಲೆಯಾಡಿಸಿ ಹೊರಟಿದ್ದಳು. ಸೀಟು ಗಟ್ಟಿಯಿದೆಯೇ ಎಂದು ತಿಳಿಯಲು ಕಾರ್ಖಾನೆಯಲ್ಲಿ ಅದನ್ನು ಒದ್ದೇ ನೋಡುತ್ತಾರೆ. ಹೋಟೆಲು ಭದ್ರವೇ ಎಂದು ತಿಳಿಯಲು ಕೂಗಿಯೇ ನೋಡಬೇಕು. ಅವಳ ಲೆಕ್ಕ ಅದು!

ಈ ಮೂರನೆಯದು ಹಳೇ ಬಂಗಲೆಯನ್ನು ಒಡೆದು ಕಟ್ಟಿದ ಹೋಟೆಲು. ಸುಣ್ಣದ ಗೋಡೆ, ಹಳದಿ ದೀಪ, ಅಂಗಳದಲ್ಲಿ ಸಂಪಿಗೆ ಮರ. ಹೋಟೆಲಿನ ಮ್ಯಾನೇಜರ್ ಏದುಸಿರು ಬಿಡುತ್ತಾ ಬಂದಾಗ ರಕ್ತ ಹೆಪ್ಪುಗಟ್ಟುತ್ತಿತ್ತು. ಅವನು ಮೊದಲು ನೋಡಿದ್ದು ಹಾಸಿಗೆಯನ್ನು.

"ಸಾರ್, ಕೂಗಿದಾಗ ಬಂದೋರು ಇವ್ರು. ನಿಮ್ಮೋರಲ್ಲ," ಎಂದಳು ಭಾನು. "ಮಹಡಿಗೆ ಒಬ್ಬ ಹೆಂಗಸನ್ನ ಕಾವಲಿಗೆ ಹಾಕಿ. ನಮ್ಮೋರು ಇಲ್ಲೇ ಇಳ್ಕೋತಾರೆ."

ಅವನು ಒಪ್ಪಿದ. ಹೋಟೆಲಿನ ಮಾತು ಅಲ್ಲಿಗೆ ಮುಗಿಯಿತು. ಇನ್ನೊಂದು ಮಾತು ಶುರುವಾದದ್ದು ಆಸ್ಪತ್ರೆಯ ಬೆಂಚಿನ ಮೇಲೆ, ಅವನ ಹಣೆಗೆ ಹೊಲಿಗೆ ಹಾಕಿಸಲು ಕಾಯುವಾಗ.

"ಯಾವೂರು?"

"ಕುದೂರು. ಹೆಸ್ರು ನೀಲಕಂಠ."

"ಹೆಸ್ರು ಕೇಳ್ಲಿಲ್ಲ ನಾನು."

"ನಾಳೆ ಕೇಳ್ತೀರಲ್ಲ, ಒಸಿ ಮುಂಚೇನೇ ಹೇಳ್ದೆ."

ಹೊಡೆಸಿಕೊಂಡವನಿಗೆ ಇಷ್ಟು ಧೈರ್ಯವೇ ಎಂದುಕೊಂಡಳು ಭಾನು. ಸಿಟ್ಟು ಬರಲಿಲ್ಲ. ಅದೇ ಅವಳಿಗೆ ಆಶ್ಚರ್ಯ.

ಕುದೂರಿನಿಂದ ಬೆಂಗಳೂರಿಗೆ ಸೋಲೂರಿನ ಮೇಲೆ ನೇರ ದಾರಿಯಿದೆ. ನೀಲಕಂಠನ ಕಲ್ಲಿನ ಟೆಂಪೋ ಮಾತ್ರ ಅಂದಿನಿಂದ ಮಾಗಡಿಗೆ ಬಂದು, ಬಿಡದಿ ಸುತ್ತಿ, ತಟ್ಟೆ ಇಡ್ಲಿ ಹೋಟೆಲಿನ ಮುಂದೆ ನಿಂತು ಹೋಗತೊಡಗಿತು. ದಾರಿ ಗೊತ್ತಿಲ್ಲದವನೇನಲ್ಲ. ಪ್ರೀತಿಗೆ ಬಿದ್ದವನಿಗೆ ಡೀಸೆಲ್ಲಿನ ಚಿಂತೆ ಎಲ್ಲಿ?

ಬೆಳಗ್ಗೆ ಕಾರ್ಖಾನೆಯ ಬಸ್ಸು ಬರುವವರೆಗೆ ಇಬ್ಬರೂ ಅಲ್ಲಿ ಎದುರುಬದುರು ನಿಂತು ಇಡ್ಲಿ ತಿನ್ನುತ್ತಿದ್ದರು. ಅವಳು ಹೊರದೇಶದ ಹೆಂಗಸರು ಆ ಕಲ್ಲಿನ ಬಚ್ಚಲನ್ನು ಮೆಚ್ಚಿದ್ದು ಹೇಳುತ್ತಿದ್ದಳು. ಅವನು ಕಲ್ಲು ಸೀಳುವಾಗ ಬರುವ ಸದ್ದಿನ ಬಗ್ಗೆ ಹೇಳುತ್ತಿದ್ದ. ಪ್ರೀತಿ ಎಂಬ ಮಾತನ್ನು ಇಬ್ಬರೂ ಆಡಲಿಲ್ಲ. ಆದರೆ ಒಂದು ದಿನ ಅವನು ಬರದಿದ್ದರೆ ಅವಳಿಗೆ ಇಡ್ಲಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಊರಿನ ಬಾಯಿಗೆ ಇದು ಬೀಳದೆ ಇರುತ್ತದೆಯೇ? ಅಂದು ಭಾನುವನ್ನು ಕರೆದೊಯ್ದಿದ್ದ ಕಾರಿನ ಡ್ರೈವರ್, ಅವಳ ಅಣ್ಣ ಅಶ್ವಥನ ಕಿವಿಗೆ ಹಾಕಿದ. "ನಿಮ್ ತಂಗೀನೂ ಒಬ್ಬ ಗಂಡ್ಸೂ ಹೋಟ್ಲು ರೂಮಿಂದ ಇಳ್ದು ಬಂದ್ರು. ಅವ್ನ ತಲೆಗೆ ಅವ್ಳದೇ ದುಪಟ್ಟ. ಅಲ್ಲೇನೋ ದೊಡ್ಡ ರಾದ್ಧಾಂತ ಆಗೈತೆ. ಈಗ ದಿನಾ ಬೆಳಗ್ಗೆ ಇಡ್ಲಿ ಹೋಟ್ಲು ಮುಂದೆ ಇಬ್ರೂ ನಿಂತಿರ್ತಾರೆ."

ಅಶ್ವಥ ಕಾರ್ಖಾನೆಗಳಿಗೆ ಕೂಲಿಯಾಳು ಕಳಿಸುವ ಕಂಟ್ರಾಕ್ಟರ್. ಅಪ್ಪ ಸತ್ತು, ಜಮೀನು ಕಾರ್ಖಾನೆಗೆ ಹೋದ ಮೇಲೆ ಅವನಿಗೆ ಬೈಕು ಬಂದಿತ್ತು. ಸಿಟ್ಟು ಮಾತ್ರ ಮೊದಲಿನಿಂದಲೂ ಇತ್ತು.

"ರೂಮು ನೋಡಕ್ಕೆ ಹೋಗಿದ್ದೆ ಅಣ್ಣ, ಕಂಪ್ನಿ ಕೆಲ್ಸ," ಎಂದಳು ಭಾನು.

"ರೂಮ್ ನೋಡೋದು ಅಂತ ಒಂದ್ ಕೆಲ್ಸ ಐತಾ? ಯಾರ್ ಕಿವಿಗೆ ಹೂ ಮುಡುಸ್ತೀಯೆ?" ಅವನು ಅವಳ ಜಡೆ ಹಿಡಿದು ಗೋಡೆಗೆ ದಬ್ಬಿದ. ಅಡುಗೆಮನೆಯಲ್ಲಿ ಅವ್ವ ಚಿಕ್ಕಲಕ್ಷ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳೇ ಹೊರತು ಹೊರಗೆ ಬರಲಿಲ್ಲ.

ಮರುದಿನ ನೀಲಕಂಠನನ್ನು ಎಚ್ಚರಿಸಲು ಭಾನು ಇಡ್ಲಿ ಹೋಟೆಲಿಗೆ ಓಡಿಬಂದಳು. ತಡವಾಗಿತ್ತು.

ಟೆಂಪೋದ ಪಕ್ಕ ನೀಲಕಂಠ ಮಣ್ಣಿನಲ್ಲಿ ಬಿದ್ದಿದ್ದ. ಅಶ್ವಥನ ಕೈಯಲ್ಲಿ ಕಬ್ಬಿಣದ ಸಲಾಕೆ. ಅವನ ಕಡೆಯ ಇಬ್ಬರು ಆಳುಗಳು ಒದೆಯುತ್ತಿದ್ದರು. ತಟ್ಟೆ ಹಿಡಿದುಕೊಂಡು ನಿಂತಿದ್ದ ಜನ ತಿನ್ನುವುದನ್ನು ನಿಲ್ಲಿಸಿದ್ದರು, ಬಿಡಿಸಲು ಮಾತ್ರ ಯಾರೂ ಹೋಗಲಿಲ್ಲ.

"ಅಣ್ಣಾ, ಬುಡು! ಸಾಯ್ತಾನೆ ಬುಡು!"

ಒಬ್ಬ ಅವಳನ್ನು ಹಿಡಿದುಕೊಂಡ. ಅಶ್ವಥ ನೀಲಕಂಠನ ಕೊರಳಪಟ್ಟಿ ಹಿಡಿದು ಎತ್ತಿದ. "ಹೇಳ್ಲಾ! ನಮ್ ಭಾನು ನಿಂಗೇನಾಗ್ಬೇಕು?"

ರಕ್ತ ತುಂಬಿದ ಕಣ್ಣಿನಿಂದ ನೀಲಕಂಠ ಒಮ್ಮೆ ಅವಳನ್ನು ನೋಡಿದ. ಹೇಳು... ಈಗಲಾದರೂ ಹೇಳು, ಎಂದಿತು ಅವಳ ಜೀವ.

"ಏನೂ ಆಗ್ಬೇಕಿಲ್ಲ. ಆ ಹುಡ್ಗಿ ಯಾರೋ... ನಂಗೊತ್ತಿಲ್ಲ."

ಸಲಾಕೆ ಬೀಸಿತು. ಅವನ ಬಲಗೈ ಮೂಳೆ ಮುರಿದ ಸದ್ದು ಅವಳಿಗೆ ಕೇಳಿಸಿತು. ಅದಕ್ಕಿಂತ ಮೊದಲು ಆಡಿದ ಮಾತೇ ಅವಳ ಎದೆಯಲ್ಲಿ ಉಳಿಯಿತು. ಯಾರೋ ಅಂತೆ. ದಿನಾ ಬೆಳಗ್ಗೆ ಎದುರಿಗೆ ನಿಂತು ನಗುತ್ತಿದ್ದವಳು ಯಾರೋ ಅಂತೆ! ಅವಳು ಆ ಕ್ಷಣ ಅವನನ್ನು ದ್ವೇಷಿಸಿದಳು.

ಕೆಲಸ ಬಿಡಿಸಿದರು. ಫೋನು ಒಡೆದು ಹಾಕಿದರು. ಸೋಲೂರಿನ ಸೋದರತ್ತೆ ವೆಂಕಟಲಕ್ಷ್ಮಮ್ಮನ ಮಗ ಅನಂತರಾಜುವಿಗೆ ಭಾನುವನ್ನು ಕೊಡುವುದೆಂದು ಅಶ್ವಥ ನಿಶ್ಚಯಿಸಿದ. ಅತ್ತೆ ಮಗನಿಗೇ ಮೊದಲ ಹಕ್ಕು, ಅದನ್ನು ಕೇಳುವವರು ಯಾರು?

"ಯಾರಾದ್ರೇನು," ಎಂದಳು ಭಾನು. ನಿಜವಾಗಿಯೂ ಅವಳಿಗೆ ಹಾಗೇ ಅನಿಸಿತ್ತು.

ನಿಶ್ಚಿತಾರ್ಥಕ್ಕೆ ತಟ್ಟೆ ಬದಲಾಯಿಸುವ ದಿನ ಬಂತು. ನಡುಮನೆಯಲ್ಲಿ ಎರಡೂ ಕಡೆಯ ತಟ್ಟೆಗಳಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ಸೀರೆ. ಊರಿನ ಹಿರಿಯ ದೊಡ್ಡಹನುಮಯ್ಯ ಮಧ್ಯೆ ಕೂತಿದ್ದ. ಬಾಗಿಲ ಹಿಂದೆ ರೇಷ್ಮೆ ಸೀರೆಯಲ್ಲಿ ನಿಂತಿದ್ದ ಭಾನುವಿಗೆ ಅಣ್ಣ ಜಂಬ ಕೊಚ್ಚಿಕೊಳ್ಳುವುದು ಕೇಳಿಸುತ್ತಿತ್ತು.

"ಆ ಕಲ್ಲಿನೋನು ಹೆದ್ರುಕೊಂಡ್ಬುಟ್ಟ ಕಣ್ಲಾ, ಅನಂತ. ಪೊಲೀಸ್ರು ಬಂದ್ರೆ ಟೆಂಪೋದಿಂದ ಬಿದ್ದೆ ಅಂದವ್ನೆ. ಯಾಕ್ಲಾ ಅಂತ ನಮ್ ಹುಡುಗ್ರು ಆಸ್ಪತ್ರೇಲೇ ಹೋಗಿ ಕೇಳುದ್ರೆ, ಆ ಹೆಣ್ಣುಮಗಳ ಹೆಸ್ರು ಟೇಷನ್ನಿಗೆ ಹೋಗ್ಬಾರ್ದು, ನನ್ನ ಹೊಡ್ದಿದ್ದು ಸಾಕು, ಅವ್ಳ ಮೈ ಮುಟ್ಬ್ಯಾಡಿ, ನಿಮ್ ದಮ್ಮಯ್ಯ ಅಂತ ಅತ್ನಂತೆ. ಗಂಡ್ಸಾ ಅವ್ನು?"

ಎಲ್ಲರೂ ನಕ್ಕರು.

ಭಾನು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಗೊತ್ತಿಲ್ಲ ಎಂದದ್ದು ಇದಕ್ಕಾ? ಏಟೆಲ್ಲ ತನ್ನ ಮೈಮೇಲೇ ನಿಲ್ಲಲಿ ಎಂದಾ? ಅವನನ್ನು ಇಷ್ಟು ದಿನ ಶಪಿಸಿದೆನಲ್ಲ ದೇವರೇ, ಎಂದು ತನ್ನನ್ನೇ ಬೈದುಕೊಂಡಳು.

ಅವಳನ್ನು ಕರೆತಂದು ಕೂರಿಸಿದರು. ಶಾಸ್ತ್ರಕ್ಕೆಂದು ದೊಡ್ಡಹನುಮಯ್ಯ ಕೇಳಿದ. "ತಟ್ಟೆ ಬದ್ಲಾಯ್ಸೋದಾ? ಒಪ್ಗೆ ಐತೇನವ್ವ?"

"ಇಲ್ಲ."

ಎಲ್ಲರೂ ಅವಳ ಕಡೆ ತಿರುಗಿದರು.

"ನೀಲಕಂಠನ್ನೇ ಕಟ್ಕೋತೀನಿ. ಇಲ್ದಿದ್ರೆ ಯಾರೂ ಬ್ಯಾಡ."

ಅಶ್ವಥನ ಕೈ ಅವಳ ಮುಖಕ್ಕೆ ಅಪ್ಪಳಿಸಿತು. ತುಟಿ ಒಡೆಯಿತು. ಭಾನು ತಟ್ಟೆಯ ಮೇಲೆ ಬಿದ್ದಳು. ತೆಂಗಿನಕಾಯಿ ಉರುಳಿತು, ಎಲೆಯ ಮೇಲೆ ರಕ್ತ ಸಿಡಿಯಿತು. ಅವಳು ಎದ್ದು ಕೂತು ಮತ್ತೆ ಅದನ್ನೇ ಹೇಳಿದಳು. ಅವನು ಮತ್ತೆ ಹೊಡೆದ. ಮೂರನೆಯ ಸಲ ಅವನು ಎತ್ತಿದ್ದು ಮಣೆ.

ಆ ಕೈಯನ್ನು ಅನಂತರಾಜು ಹಿಡಿದ. ಇಬ್ಬರೂ ತೆಕ್ಕೆ ಬಿದ್ದರು. ಅಶ್ವಥ ಅವನ ಮೂಗಿಗೆ ಗುದ್ದಿದ, ಅನಂತರಾಜು ಅವನನ್ನು ಗೋಡೆಗೆ ಒತ್ತಿ ನಿಲ್ಲಿಸಿದ.

"ಬುಡ್ಲಾ ಅಶ್ವಥ. ಬ್ಯಾಡ ಅನ್ನೋಳ್ನ ಹೊಡ್ದು ಒಪ್ಸಿ ನಂಗ್ ಕೊಟ್ರೆ, ನಾಳೆಯಿಂದ ನಾನೂ ಹೊಡೀತಾ ಕೂತ್ಕಬೇಕಾ?"

ವೆಂಕಟಲಕ್ಷ್ಮಮ್ಮ ತಮ್ಮ ಕಡೆಯ ತಟ್ಟೆಯನ್ನು ಎತ್ತಿ ಕಂಕುಳಿಗೆ ಇಟ್ಟುಕೊಂಡಳು. "ತಟ್ಟೆ ಬದ್ಲಾಯ್ಸಿಲ್ಲ. ಮಾತ್ ಮುರುದ್ರು ಅಂತ ಯಾರೂ ಅನ್ನಂಗಿಲ್ಲ. ಹೋಗು ಭಾನು... ಮಾಗಡಿ ಬಸ್ ಬರೋ ಹೊತ್ತು."

ರಕ್ತದ ಕಲೆಯ ರೇಷ್ಮೆ ಸೀರೆಯಲ್ಲೇ ಭಾನು ಮಾಗಡಿಗೆ ಹೋಗಿ, ಅಲ್ಲಿಂದ ಕುದೂರಿನ ಬಸ್ಸು ಹಿಡಿದಳು. ಜನ ನೋಡಿದರು. ನೋಡಲಿ ಬಿಡಿ, ನೋಡುವುದಕ್ಕೆ ಕಾಸು ಕೊಡಬೇಕೇ?

ಕುದೂರಿನ ಹೊರಗೆ, ಮನೆಯ ಪಕ್ಕದ ಕಲ್ಲಿನ ಶೆಡ್ಡಿನಲ್ಲಿ, ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ನೀಲಕಂಠ ಅವಳನ್ನು ಕಂಡು ಎದ್ದು ನಿಂತ.

ಭಾನು ನೇರ ಹೋಗಿ ಅವನ ಕೆನ್ನೆಗೆ ಹೊಡೆದಳು.

"ಯಾರೋ ಅಂದ್ಯಾ ನನ್ನ? ಗೊತ್ತಿಲ್ಲ ಅಂದ್ಯಾ?"

"ಭಾನು... ತುಟಿ ಏನಾಯ್ತು?"

"ನೀನು ಸುಳ್ಳು ಹೇಳುದ್ರೆ ನನ್ನ ಹೊಡೆಯಲ್ಲ ಅಂದ್ಕೊಂಡಿದ್ಯಾ? ಹೊಡುದ್ರು. ಅವತ್ತು ನಿಜ ಹೇಳಿದ್ರೆ ಈ ಏಟು ನಂಗೆ ನೋಯ್ತಾನೇ ಇರ್ಲಿಲ್ಲ ಕಣೋ." ಅವಳು ಅತ್ತುಬಿಟ್ಟಳು.

ಅಷ್ಟರಲ್ಲಿ ಬೈಕಿನ ಸದ್ದು. ಹಿಂದೆ ಇಬ್ಬರನ್ನು ಕೂರಿಸಿಕೊಂಡು ಅಶ್ವಥ ಬಂದು ನಿಂತ. ಕೈಯಲ್ಲಿ ಅದೇ ಸಲಾಕೆ.

"ಈಗ ಹೇಳ್ಲಾ. ಇವ್ಳು ನಿಂಗೇನಾಗ್ಬೇಕು?"

ನೀಲಕಂಠ ಭಾನುವನ್ನು ತನ್ನ ಹಿಂದಕ್ಕೆ ಸರಿಸಿ ಮುಂದೆ ಬಂದ.

"ಅವತ್ತು ಸುಳ್ಳು ಹೇಳ್ದೆ. ಇವ್ಳು ನಾನ್ ಕಟ್ಕಳೋ ಹುಡ್ಗಿ. ಇನ್ನೊಂದ್ ಕೈ ಐತೆ, ಮುರಿ. ಅವ್ಳ ಮೈ ಇನ್ನು ಮುಟ್ಟಂಗಿಲ್ಲ."

ಅಶ್ವಥ ಬೀಸಿದ. ಏಟು ಭುಜಕ್ಕೆ ಬಿತ್ತು. ನೀಲಕಂಠ ಮಂಡಿಯೂರಿದ, ಎದ್ದ, ಮತ್ತೆ ಅಡ್ಡ ನಿಂತ. ಶೆಡ್ಡಿನಲ್ಲಿ ಉಳಿಯ ಸದ್ದು ನಿಂತು, ಕಲ್ಲು ಕೆಲಸದವರು ಒಬ್ಬೊಬ್ಬರಾಗಿ ಹೊರಗೆ ಬಂದು ನಿಂತರು.

ಮನೆಯೊಳಗಿಂದ ಅವನ ತಾಯಿ ದ್ರಾಕ್ಷಾಯಿಣಿ ಬಂದಳು. ಹಣೆಯ ತುಂಬ ವಿಭೂತಿ. ಬೇರೆ ಜಾತಿಯ ಹುಡುಗಿ ಎಂದು ವಾರದಿಂದ ಮಗನ ಜೊತೆ ಮಾತು ಬಿಟ್ಟಿದ್ದವಳು ಅವಳು. ಭಾನುವಿನ ಒಡೆದ ತುಟಿಯನ್ನು ನೋಡಿದಳು, ಮಗನ ಭುಜವನ್ನು ನೋಡಿದಳು, ಆಮೇಲೆ ಅಶ್ವಥನ ಎದುರು ಬಂದು ನಿಂತಳು.

"ಯಾರಪ್ಪ ನೀನು? ನಮ್ ಬಾಗ್ಲಲ್ಲಿ, ನಮ್ ಸೊಸೆ ಎದುರ್ಗೆ ಕಬ್ಬಿಣ ಬೀಸೋನು?"

ಅಶ್ವಥ ಸುತ್ತ ನೋಡಿದ. ಅವನ ಆಳುಗಳು ಆಗಲೇ ಬೈಕಿನ ಹತ್ತಿರ ಸರಿದಿದ್ದರು. ಸಲಾಕೆ ಕೆಳಗಿಳಿಯಿತು. "ನಂಗೆ ತಂಗಿ ಇಲ್ಲ ಇನ್ನು," ಎಂದು ಉಗಿದು ಹೊರಟುಹೋದ. ಆ ಮಾತಿನಿಂದ ಭಾನುವಿಗೆ ನೋವಾಯಿತು. ಆಗದೆ ಇರುತ್ತದೆಯೇ, ಒಡಹುಟ್ಟಿದವನಲ್ಲವೇ?

"ಒಳಗ್ ಬಾ ಮಗಾ, ತುಟಿಗೆ ಅರಿಶಿನ ಹಚ್ತೀನಿ," ಎಂದು ದ್ರಾಕ್ಷಾಯಿಣಿ ಒಳಗೆ ಹೋದಳು. ಕೆಲಸದವರೂ ಚದುರಿದರು.

ಇಬ್ಬರೇ ಉಳಿದರು.

"ನೋಯ್ತಾ ಐತಾ?" ಎಂದ ನೀಲಕಂಠ.

"ಐತೆ. ನಿಂಗೆ?"

"ಐತೆ. ಮೂರ್ ಕಡೆ. ಕೈ, ಭುಜ... ಕೆನ್ನೆ."

ಅಳುತ್ತಲೇ ಅವಳಿಗೆ ನಗು ಬಂತು. ಒಡೆದ ತುಟಿ ಉರಿಯಿತು.

ಅವನು ಎಡಗೈಯಿಂದ ಅವಳ ಕಣ್ಣು ಒರೆಸಿದ. "ಭಾನು, ಎಲ್ರ ಮುಂದೆ ಹೇಳಾಯ್ತು. ನಿಂಗೆ ಮಾತ್ರ ಅಂತ ಒಂದ್ ಮಾತು ಉಳ್ಕಂಡೈತೆ."

"ಹೇಳು."

ಅವನು ಅವಳ ಕಿವಿಯ ಹತ್ತಿರ ಬಾಗಿ ಹೇಳಿದ. ಭಾನು ಸೆರಗಿನ ತುದಿ ಹಿಡಿದು ನೆಲ ನೋಡುತ್ತಾ ನಿಂತಳು.

"ಕೇಳುಸ್ತಾ?"

"ಕೇಳುಸ್ತು," ಎಂದಳು. "ಇನ್ನೊಂದ್ ಸಲ ಹೇಳು."