ಉಣ್ಣದೆ ದಾಟುವ ಹಾದಿಯಲ್ಲ

ಪಿಕಪ್‌ನ ಬಂಪರ್ ನನ್ನ ಹಿಂದಿನ ಟೈರಿಗೆ ತಾಗಿತು.

ಒಮ್ಮೆ. ಮತ್ತೊಮ್ಮೆ!

ಎರಡನೆಯ ಸಲ ಸೈಕಲ್ ಅಡ್ಡಾದಿಡ್ಡಿ ಹೊರಳಿತು. ಬಲಗಡೆ ಜಾಲಿ ಮುಳ್ಳಿನ ಬೇಲಿ. ಎಡಗಡೆ ಆಳೆತ್ತರದ ಜೋಳ. ಯೋಚಿಸುವುದಕ್ಕೆ ಟೈಮ್ ಎಲ್ಲಿತ್ತು? ಹ್ಯಾಂಡಲನ್ನು ಎಡಕ್ಕೆ ಎಳೆದೆ. ಬದು ಹಾರಿ ಜೋಳದೊಳಗೆ ಬಿದ್ದೆ.

ಮೊಣಕೈ ತರಚಿ ರಕ್ತ ಬಂತು. ಬಾಯಿ ತುಂಬ ಮಣ್ಣು.

"ಫರಹೀನ್! ಸುಮ್ನೆ ಮನೆಗೆ ಹೋಗು!" ಕಿಟಕಿಯಿಂದ ತಲೆ ಹೊರಹಾಕಿ ಸಂಜುಕುಮಾರ ಕೂಗಿದ. "ಮುಂದಿನ ಸಲ ತಾಗ್ಸಲ್ಲ... ಹತ್ತಿಸ್ತೀನಿ!"

ಅವನ ಸೊಂಟದಲ್ಲಿ ಪಿಸ್ತೂಲಿತ್ತು. ಪಕ್ಕದ ಸೀಟಿನಲ್ಲಿ ಒಬ್ಬ ದಾಂಡಿಗನಿದ್ದ. ಹಿಂದೆ, ತಾಡಪಾಲಿನ ಕೆಳಗೆ, ಒಂದು ಊರಿನ ಅಜ್ಜನಿದ್ದ.

ಕಲ್ಲಿನ ಅಜ್ಜ!

ಇರಿ, ಮೊದಲಿನಿಂದ ಹೇಳುತ್ತೇನೆ. ನನ್ನ ಕಸುಬು ಹುಡುಕಿಕೊಡುವುದು. ಕಳುವಾದ ಬೈಕು, ಓಡಿಹೋದ ಅಳಿಯ, ಕೈಕೊಟ್ಟ ಪಾರ್ಟ್‌ನರ್. ಆಳಂದ ಬಸ್‌ಸ್ಟ್ಯಾಂಡ್ ಎದುರು, ಮೊಬೈಲ್ ಅಂಗಡಿಯ ಮೇಲೆ ನನಗೊಂದು ಕೋಣೆಯಿದೆ. ಅಲ್ಲಿ ಕೂರುವುದು ಕಡಿಮೆ. ಒಂದೇ ಕಡೆ ಕೂತರೆ ಮೈಮೇಲೆ ಇರುವೆ ಹರಿದ ಹಾಗಾಗುತ್ತದೆ. ಸೈಕಲ್ ಹತ್ತಿದರೆ ಮಾತ್ರ ತಲೆ ತಣ್ಣಗಿರುತ್ತದೆ.

ಅದನ್ನು ಕೇಳಿಯೇ ಸಂಜುಕುಮಾರ ಬೆಂಗಳೂರಿನಿಂದ ಬಂದಿದ್ದ. ಹೆಸರೊಂದೇ ನಮ್ಮ ಕಡೆಯದು. ಮನೆತನ ತಾತನ ಕಾಲಕ್ಕೇ ಊರು ಬಿಟ್ಟಿತ್ತು.

"ಗ್ರಾವೆಲ್ ರೈಡ್ ಮಾಡ್ತಿದೀವಿ ಮೇಡಂ. ಡಾಂಬರು ಬೇಡ. ಗರಸಿನ ರಸ್ತೆ, ಹೊಲದ ದಾರಿ. ಜೇವರ್ಗಿಯಿಂದ ಅಫಜಲಪುರ ಹಾದು ಆಳಂದಕ್ಕೆ. ದಾರಿಯುದ್ದಕ್ಕೂ ಹಿಸ್ಟರಿ ಬೇಕು."

"ಹಿಸ್ಟರಿಗೇನ್ ಕಮ್ಮಿ ಅದ ಇಲ್ಲಿ? ಬುರುಜು, ಬಾವಿ, ಹಾಳು ಗುಡಿ, ದರ್ಗಾ... ತೋರಸ್ತೇನಿ."

"ಎಲ್ಲಾ ಕಡೆ ಪಿಕಪ್ ಹೋಗ್ಬೇಕು."

"ಸೈಕಲ್ ಹಾದಿಗಿ ಪಿಕಪ್ ಯಾಕ್ರಿ?"

"ಸಪೋರ್ಟ್ ವೆಹಿಕಲ್!"

ಒಪ್ಪಿದೆ. ಗೊಬ್ಬೂರಿನ ತೊಗರಿ ಹೊಲಗಳಿಂದ ನಿಂಬರ್ಗಾದ ಕಲ್ಲುಗುಡ್ಡದವರೆಗೆ ಒಂದೊಂದು ತಿರುವನ್ನೂ ತುಳಿದು ರೂಟು ಮಾಡಿದೆ. ನಿಂಬರ್ಗಾದ ಈಚೆಗೆ ಒಂದು ಪುಟ್ಟ ಊರು. ಅಲ್ಲಿ ಹುಡೇವು, ಅಂದರೆ ಹಳೆಯ ಕಾವಲು ಬುರುಜು. ಅದರ ಬುಡದಲ್ಲಿ ಮೊಣಕಾಲೆತ್ತರದ ಒಂದು ವೀರಗಲ್ಲು. ಕತ್ತಿ ಹಿಡಿದ ಗಂಡಸು, ಪಕ್ಕದಲ್ಲಿ ಒಂದು ಹಸು. ದನ ಬಿಡಿಸಲು ಹೋಗಿ ಸತ್ತವನಂತೆ. ಊರವರು ಅವನನ್ನು ಅಜ್ಜ ಎನ್ನುತ್ತಾರೆ. ಹಬ್ಬದ ಮೊದಲ ತುತ್ತು ಅವನಿಗೇ.

ಸಂಜುಕುಮಾರ ಅದರ ಫೋಟೋ ತುಂಬ ತೆಗೆದಿದ್ದ. ಆಗಲೇ ನನಗೆ ವಾಸನೆ ಬಡಿಯಬೇಕಿತ್ತು!

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಕೋಣೆಯಲ್ಲಿ ಕೂರಲಾಗಲಿಲ್ಲ. ರೂಟು ಇನ್ನೊಮ್ಮೆ ನೋಡಿಬರೋಣ ಎಂದು ಹೊರಟೆ. ಊರು ಖಾಲಿ. ಮನೆಮನೆಗೆ ಬೀಗ. ಹುಡೇವಿನ ಬುಡದಲ್ಲಿ ಒಂದು ಗುಂಡಿ, ಹಸಿ ಮಣ್ಣು, ಪಿಕಪ್ ಟೈರಿನ ಗುರುತು.

ಅಜ್ಜ ಇಲ್ಲ!

ನನ್ನ ಸೈಕಲ್ಲಿನ ಹಾದಿಯಲ್ಲೇ ಅಜ್ಜನನ್ನು ಎತ್ತಿಕೊಂಡು ಹೊರಟಿದ್ದರು. ಡಾಂಬರು ಮುಟ್ಟಿದರೆ ಮುಗಿಯಿತು. ಮಹಾರಾಷ್ಟ್ರ ಬಾರ್ಡರ್ ಅಲ್ಲೇ. ಅಲ್ಲಿಂದ ಮುಂಬೈನ ಯಾರದ್ದೋ ಬಂಗಲೆಯ ಲಾನಿನಲ್ಲಿ ಅಜ್ಜ ನಿಲ್ಲುತ್ತಾನೆ.

ಬೆನ್ನಟ್ಟಿದೆ. ಹತ್ತಿರ ಹೋದೆ. ದಾಟಿ ಮುಂದೆ ಹೋಗಿ ತಡೆಯಲು ನೋಡಿದೆ. ಅದಾದ ಮೇಲಿನದು ನಿಮಗೆ ಗೊತ್ತು.

ಜೋಳದೊಳಗಿಂದ ಎದ್ದೆ. ಸೈಕಲ್ ನೆಟ್ಟಗಿತ್ತು. ಮೊಬೈಲಿನಲ್ಲಿ ಒಂದು ಕಡ್ಡಿ ಸಿಗ್ನಲ್. ಪೊಲೀಸ್ ಸ್ಟೇಶನ್ನಿಗೆ ಫೋನ್ ಹಚ್ಚಿದೆ.

"ಹೊಂಟೇವಿ, ಹೊಂಟೇವಿ," ಎಂದರು.

ಅವರ 'ಹೊಂಟೇವಿ' ನನಗೆ ಗೊತ್ತು. ಅಲ್ಲಿಯತನಕ ಪಿಕಪ್ ನಿಲ್ಲಬೇಕು. ಹೇಗೆ?

ಕಳ್ಳರು ಎಂದು ಕೂಗಿದರೆ ಹೊಲದಲ್ಲಿದ್ದವರು ಹಾದಿಗೆ ಓಡಿ ಬರುತ್ತಾರೆ. ಸಂಜುಕುಮಾರ ಗಾಡಿ ಹರಿಸುತ್ತಾನೆ. ನನ್ನ ಮೇಲೆ ಹರಿಸಲು ಹಿಂಜರಿಯದವನು ಅವರ ಮೇಲೆ ಹಿಂಜರಿಯುತ್ತಾನೆಯೇ?

ಹೊಲದಲ್ಲಿದ್ದವರು...

ಅಲ್ಲೇ ಹೊಳೆಯಿತು! ಎಳ್ಳಮಾಸಿಗೆ ಊರು ಖಾಲಿ ಇರುತ್ತದೆ ಎಂದು ಅವನ ತಾತ ಹೇಳಿರಬೇಕು. ಊರವರೆಲ್ಲ ಎಲ್ಲಿಗೆ ಹೋಗುತ್ತಾರೆ ಎಂದು ಈ ಬುದ್ಧಿವಂತ ಕೇಳಿಲ್ಲ. ಹೊಲಕ್ಕೆ! ಬುಟ್ಟಿಗಟ್ಟಲೆ ಅಡುಗೆ ಹೊತ್ತು, ಭೂತಾಯಿಗೆ ಚರಗದ ಎಡೆ ಚೆಲ್ಲಿ, ದಿನವಿಡೀ ಅಲ್ಲೇ ಊಟ. ಅವತ್ತು ಹಾದಿಯಲ್ಲಿ ಹೋಗುವವರನ್ನು ಯಾರೂ ಉಣ್ಣದೆ ಬಿಡುವುದಿಲ್ಲ. ಜಾತಿ ಕೇಳುವುದಿಲ್ಲ, ಹೆಸರು ಕೇಳುವುದಿಲ್ಲ. ಕೈ ಹಿಡಿದು ಕೂರಿಸುತ್ತಾರೆ.

ಪಿಕಪ್ ಗಾಡಿದಾರಿಯ ತಗ್ಗುಗಳಲ್ಲಿ ಕುಂಟುತ್ತಿತ್ತು. ನಾನು ಬದುವಿನ ಮೇಲೆ ಸೈಕಲ್ ಹಾರಿಸಿ ಅದನ್ನು ದಾಟಿದೆ. ತೊಗರಿ ಮುಖಕ್ಕೆ ಬಡಿಯಿತು. ತುಳಿ, ಫರಹೀನ್, ತುಳಿ!

ಮೊದಲ ಹೊಲ.

"ಕಾಕಾ! ಹಿಂದ ಬೀಗ್ರು ಬರಾಕತ್ತಾರ. ಉಣ್ಣದ ಹೊಂಟಾರ!"

"ಹ್ಯಾಂಗ ಹೋಗ್ತಾರ?" ಕಾಕಾ ಹೆಗಲ ಟವೆಲ್ ಕೊಡವಿ ಎದ್ದ.

ಎರಡನೆಯ ಹೊಲದಲ್ಲೂ ಅದನ್ನೇ ಹೇಳಿದೆ. ತಿರುಗಿ ನೋಡಿದರೆ ಮೊದಲ ಹೊಲದಲ್ಲಿ ಪಿಕಪ್ ನಿಂತಿತ್ತು. ಹಾರ್ನ್ ಮೇಲೆ ಹಾರ್ನ್! ಕಿಟಕಿಯೊಳಗೆ ಅಂಬಲಿಯ ತಂಬಿಗೆಯನ್ನು ತೂರಿಸುತ್ತಿದ್ದರು.

ಮೂರನೆಯದು ಬಸವಂತರಾಯನ ಹೊಲ. ಅದರಾಚೆ ಡಾಂಬರು. ಅವನ ಹೆಂಡತಿ ಗಂಗಾಬಾಯಿ ಬನ್ನಿ ಮರದ ಕೆಳಗೆ ಬಡಿಸುತ್ತಿದ್ದಳು. ಹಬ್ಬದ ದಿನ ನಗು ಕಡಿಮೆ, ಹುಕುಂ ಜಾಸ್ತಿ.

"ಆಯೀ, ಹಿಂದಿನವ್ರು ಭಾಳ ದೊಡ್ಡ ಮಂದಿ. ಒಲ್ಲೆ ಅಂತಾರ. ಗಾಡಿ ಅಡ್ಡ ಹಾಕಸ್ರಿ."

"ಕೈಗೇನ್ ಆಗ್ಯಾದ ನಿನಗ?"

"ಬಿದ್ದೆ."

ಅವಳು ನನ್ನ ಮುಖ ನೋಡಿದಳು. ಗಂಡನ ಕಡೆ ಬೆರಳು ತೋರಿಸಿದಳು. ಬಸವಂತರಾಯ, ಅವನ ತಮ್ಮಂದಿರು ಸೇರಿ ಎತ್ತಿನ ಗಾಡಿಯನ್ನು ಹಾದಿಗೆ ಅಡ್ಡ ಎಳೆದರು. ನಾನು ಅದರ ಹಿಂದೆ ಅಡಗಿ ಕುಳಿತೆ.

ಪಿಕಪ್ ಬಂತು. ನಿಂತಿತು.

"ಗಾಡಿ ತೆಗೀರಿ! ಅರ್ಜೆಂಟಿದೆ!"

"ಅರ್ಜೆಂಟ್ ನಾಳಿ ಮಾಡ್ರಿ. ಇಳೀರಿ," ಎಂದಳು ಗಂಗಾಬಾಯಿ.

"ಅಮ್ಮಾ, ನಮಗೆ ಊಟ ಆಗಿದೆ..."

"ನಮ್ಮ ಹೊಲದಾಗ ಆಗಿಲ್ಲಲ್ಲ!"

ಸುತ್ತ ಮೂವತ್ತು ನಲವತ್ತು ಮಂದಿ. ಎಲ್ಲರೂ ನಗುತ್ತಿದ್ದರು. ನಗುವವರ ಮೇಲೆ ಪಿಸ್ತೂಲು ತೆಗೆಯುವುದು ಹೇಗೆ? ದಾಂಡಿಗ ಆಗಲೇ ಇಳಿದಿದ್ದ. ಭಜ್ಜಿಯ ವಾಸನೆ ಅವನನ್ನು ಕೆಡವಿತ್ತು. ಸಂಜುಕುಮಾರನೂ ಹಲ್ಲು ಕಚ್ಚಿ ಬಂದು ಕೂತ. ಎಲ್ಲ ಕಾಳು, ಎಲ್ಲ ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಸಜ್ಜಿ ರೊಟ್ಟಿ, ಕಡುಬು, ಮೇಲೆ ಸೌಟುಗಟ್ಟಲೆ ತುಪ್ಪ. ಅವಸರದಲ್ಲಿ ಮೊಣಕೈತನಕ ಸೋರಿಸಿಕೊಂಡು ತಿಂದ. ಕಣ್ಣು ಮಾತ್ರ ಪಿಕಪ್ ಮೇಲೆ.

ಪೊಲೀಸರ ಸುಳಿವಿಲ್ಲ. ಊಟ ಮುಗಿದರೆ ಏನು ಮಾಡಲಿ?

"ವಿದ್ಯಾವತೀ," ಗಂಗಾಬಾಯಿ ಸೊಸೆಯನ್ನು ಕರೆದಳು. "ಮನಿ ಮಂದಿಗೂ ಕಟ್ಟಿ ಕೊಡು. ಗಾಡ್ಯಾಗ ಇಟ್ಟು ಬಾ."

"ಬೇಡ!" ಸಂಜುಕುಮಾರ ಕಿರುಚಿದ. "ಗಾಡಿ ಮುಟ್ಬೇಡಿ!"

ವಿದ್ಯಾವತಿ ಆಗಲೇ ಗಂಟು ಹಿಡಿದು ತಾಡಪಾಲು ಎತ್ತಿದ್ದಳು. ಗಂಟು ಕೈಜಾರಿ ಬಿತ್ತು.

"ಅತ್ತೀ... ನಮ್ಮ ಅಜ್ಜ!"

ಬೆಳಿಗ್ಗೆ ಅವಳೇ ಹಚ್ಚಿದ ಅರಿಶಿಣ ಕಲ್ಲಿನ ಹಣೆಯ ಮೇಲೆ ಹಾಗೇ ಇತ್ತು. ಬಾಯಿಗೆ ಇಟ್ಟಿದ್ದ ಕಡುಬಿನ ಚೂರೂ ಇತ್ತು.

ನಗು ನಿಂತಿತು.

ಸಂಜುಕುಮಾರನ ಕೈ ಸೊಂಟಕ್ಕೆ ಹೋಯಿತು. ನಾನು ಎತ್ತಿನ ಗಾಡಿಯ ಹಿಂದಿನಿಂದ ಹಾರಿದೆ. ಪಿಸ್ತೂಲು ಹೊರಗೆ ಬಂತು... ತುಪ್ಪದ ಕೈಯಲ್ಲಿ ಮೀನಿನಂತೆ ಜಾರಿತು! ಅವನು ಬಗ್ಗುವ ಮೊದಲೇ ಅವನ ಮಣಿಕಟ್ಟಿನ ಮೇಲೆ ನನ್ನ ಬೂಟು ಇತ್ತು.

"ಫರಹೀನ್... ಡೀಲ್ ಮಾಡೋಣ..."

"ಮಾಡೂಣು. ಅಜ್ಜನ ಕೇಳು ಮೊದ್ಲ."

ಬಸವಂತರಾಯ ಕುಡುಗೋಲು ಎತ್ತಿದ. ತಮ್ಮಂದಿರು ಬಡಿಗೆ ಹುಡುಕಿದರು. ದಾಂಡಿಗ ಕೈಯಲ್ಲಿ ರೊಟ್ಟಿ ಹಿಡಿದೇ ಅಳತೊಡಗಿದ. ಇನ್ನೊಂದು ನಿಮಿಷ ಹೋಗಿದ್ದರೆ ಅಲ್ಲಿ ಎರಡು ಹೆಣ ಬೀಳುತ್ತಿದ್ದವು. ನಿಜ ಹೇಳುತ್ತೇನೆ, ತಡೆಯುವ ಮನಸ್ಸು ನನಗೂ ಇರಲಿಲ್ಲ.

"ನಿಂದರ್ರಿ!" ಗಂಗಾಬಾಯಿ ಸೌಟು ಹಿಡಿದು ನಡುವೆ ಬಂದಳು. "ಉಣ್ಣೋವ್ರ ಮ್ಯಾಲ ಕೈ ಎತ್ತತೀರಿ? ನಮ್ಮ ಹೊಲದಾಗ? ಎಲಿ ಮುಗಿಯೂತನ ಅವ್ರು ಬೀಗ್ರು!"

ಕುಡುಗೋಲು ಕೆಳಗಿಳಿಯಿತು.

ಅವಳು ಸಂಜುಕುಮಾರನ ಮುಂದೆ ಕೂತಳು. ಕಣ್ಣು ಕೆಂಡವಾಗಿತ್ತು. ದನಿ ಮಾತ್ರ ತಣ್ಣಗಿತ್ತು.

"ಉಣ್ಣಪಾ. ಮುಗಿಸಬ್ಯಾಡ. ಪೊಲೀಸ್ರು ಬರೂತನ ಉಣ್ಣು. ಎಲಿ ಖಾಲಿ ಆತಂದ್ರ ಇವ್ರನ್ನ ತಡ್ಯಾಕ ನನ್ನ ಕೈಲಿ ಆಗಂಗಿಲ್ಲ."

ಅವನು ಉಂಡ. ಕಣ್ಣೀರು ಸುರಿಸುತ್ತ ಉಂಡ. ಎಲೆ ಖಾಲಿಯಾಗುವುದನ್ನೇ ನಲವತ್ತು ಜನ ಕಾಯುತ್ತಿದ್ದರು. "ಇನ್ನೊಂದ್ ಹಾಕಿ... ಇನ್ನೊಂದ್ ಹಾಕಿ..." ಎಂದು ಅವನೇ ಬೇಡತೊಡಗಿದ. ಗಂಗಾಬಾಯಿ ಬಡಿಸಿದಳು. ಅಜ್ಜನನ್ನು ಬನ್ನಿ ಮರಕ್ಕೆ ಆನಿಸಿ ನಿಲ್ಲಿಸಿದ್ದರು. ಅವನ ಮುಂದೆಯೂ ಒಂದು ಎಲೆ.

ಪೊಲೀಸ್ ಜೀಪು ಬಹಳ ತಡವಾಗಿ ಬಂತು. ಅವರನ್ನೂ ಹಿಂದಿನ ಎರಡು ಹೊಲದವರು ಬಿಟ್ಟಿರಲಿಲ್ಲ.

ನಾನೇ? ನಾನೂ ಕೂತು ಉಂಡೆ. ಪಿಸ್ತೂಲು ಎಡಗೈಯಲ್ಲಿತ್ತು. ಉಣ್ಣುವ ಕೈಯಲ್ಲಿ ಅಂಥ ಹೊಲಸು ಹಿಡಿಯಬಾರದೆಂದು ಗಂಗಾಬಾಯಿ ಬೈದಿದ್ದಳು.