ಒಂದು ಮೊರ ಮರಳು

ಮಾಹಿರಾ ಪುರಿಭಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಮರಳು ಜರಡಿ ಹಿಡಿಯುತ್ತಿದ್ದಳು. ನಿನ್ನೆ ಪುರಿ ಹುರಿದಾಗ ಉಳಿದ ಸೀಕಲು, ಹೊಟ್ಟು ಮೇಲೆ ನಿಂತು, ಕಪ್ಪನೆಯ ಮರಳು ಉರಿಯ ಮೇಲಿನ ಬಾಣಲೆಗೆ ಸರಸರ ಇಳಿಯುತ್ತಿತ್ತು.

ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತಿದವಳ ಕೈ ಅಲ್ಲೇ ನಿಂತಿತು.

ಮುಸವೀರ್!

ವರ್ಷವಾಗಿತ್ತು ಅವನು ಈ ಹೊಸ್ತಿಲಿಗೆ ಬಂದು. ಅದೇ ಮುಖ, ಅದೇ ಸಂಕೋಚ... ಕೊರಳಿಗೆ ಮಾತ್ರ ಆಫೀಸಿನ ಗುರುತಿನ ಚೀಟಿ.

"ಸಲಾಂ, ಮಾಹಿರಾ."

"ವಾಲೇಕುಂ ಸಲಾಂ. ಏನು ಸಾಹೇಬ್ರು ಈ ಕಡೆ? ಇನ್ನೊಂದು ಕವರ್ ಮರಳು ಬೇಕಿತ್ತಾ?"

ಕುಟುಕು ತಾಗಬೇಕಾದ ಕಡೆಯೇ ತಾಗಿತು. ಅವನು ಕಣ್ಣು ಕೆಳಗೆ ಹಾಕಿದ.

ಕೃಷ್ಣರಾಜನಗರದ ಆ ಬೀದಿಯಲ್ಲಿ ಒಂದು ಕಾಲಕ್ಕೆ ಮನೆಗೊಂದು ಪುರಿಭಟ್ಟಿ ಇತ್ತು. ಈಗ ಉರಿಯುತ್ತಿದ್ದುದು ಇದೊಂದೇ. ಸರ್ಕಾರವೂ ಒಂದು ಕಂಪನಿಯೂ ಜೊತೆಗೂಡಿ ಮಿರ್ಲೆ ರಸ್ತೆಯಲ್ಲಿ ಪುರಿ ಕೇಂದ್ರ ಕಟ್ಟಿದ್ದವು. ಜಾಗ, ಕರೆಂಟು ಸರ್ಕಾರದ್ದು. ಯಂತ್ರ, ಮಾರಾಟ ಕಂಪನಿಯದು. ತಾಲ್ಲೂಕು ಉದ್ಧಾರವಾಗುತ್ತದೆ ಎಂದು ಮೈಕಿನಲ್ಲಿ ಹೇಳಿದ್ದರು. ಭಟ್ಟಿ ಆರಿಸಿ ಒಪ್ಪಿಗೆ ಪತ್ರ ಕಳಿಸಿದವರಿಗೆ ಅಲ್ಲಿ ಕೆಲಸ, ಲಾಭದಲ್ಲಿ ಪಾಲು. ಮುಸವೀರ್ ಇದೇ ಬೀದಿಯ ಹುಡುಗ. ಅವನ ಮನೆಯ ಭಟ್ಟಿಯೇ ಮೊದಲು ಆರಿದ್ದು. ಈಗ ಅವನು ಕೇಂದ್ರದ ಮೇಲ್ವಿಚಾರಕ.

ಅಬ್ಬಾ ನಸೀರ್ ತೀರಿಕೊಂಡ ಮೇಲೆ ಭಟ್ಟಿ ಮಾಹಿರಾಳ ಪಾಲಿಗೆ ಬಂದಿತ್ತು. ಒಪ್ಪಿಗೆ ಪತ್ರ ಉಪ್ಪಿನ ಜಾಡಿಯ ಹಿಂದೆ ಧೂಳು ತಿನ್ನುತ್ತಾ ಕೂತಿತ್ತು.

"ಅಂಚೆಗೆ ಹಾಕೋಕೆ ನಾಳೆ ಕೊನೆ ದಿನ. ನಿನ್ ಪತ್ರ ಒಂದೇ ಬಾಕಿ ಇರೋದು," ಅಂದ ಮುಸವೀರ್.

"ಇರ್ಲಿ ಬುಡಿ. ಯಜಮಾನಿಕೆ ಬುಟ್ಟು ಹಾಜರಿ ಕೂಗಿಸ್ಕೊಳೋಕೆ ಬರ್ಬೇಕಾ ನಾನು?"

"ಅಂಗಡಿಯೋರು ನಿನ್ ಪುರಿ ವಾಪಸ್ ಕಳಿಸ್ತಾವ್ರೆ. ಎಷ್ಟು ದಿನ ಅಂತ..."

"ಯಾಕೆ ಕಳಿಸ್ತಾವ್ರೆ?" ಅವಳು ಧಡಕ್ಕನೆ ಎದ್ದಳು. "ನಿಮ್ಮೋರು ಅಬ್ಬಾನ ಮರಳು ತುಂಬ್ಕೊಂಡೋಗಿ, ತಿನ್ನೋ ಪದಾರ್ಥಕ್ಕೆ ಇದು ಲಾಯಕ್ಕಿಲ್ಲ ಅಂತ ಬರೆದ್ರಲ್ಲ! ಅದನ್ನ ಓದಿಸ್ಕೊಂಡ ದಿನಾನೇ ಅಬ್ಬಾ ಊಟ ಬುಟ್ಟು ಮಲಗಿದ್ರು. ಆ ಮರಳು ಕೇಳಿದೋರು ಯಾರು? ಇದೇ ಬಾಗ್ಲಲ್ಲಿ ನಿಂತ್ಕೊಂಡು ನೀವೇ ಅಲ್ವಾ?"

ಮುಸವೀರ್ ಕೊರಳ ಚೀಟಿಯನ್ನು ಅಂಗಿಯ ಜೇಬಿಗೆ ತುರುಕಿದ.

"ನಾನು ಕವರ್ ಕೇಳಿರ್ಲಿಲ್ಲ ಮಾಹಿರಾ... ಮೊರ ಕೇಳಿದ್ದೆ."

ಜರಡಿ ಕೈಯಿಂದ ಜಾರಿತು.

ಮೊರ!

ಭಟ್ಟಿಮನೆಗಳಲ್ಲಿ ಹಳೆಯ ಮರಳೆಂದರೆ ಬಾಣಲೆಗಿಂತ ಹೆಚ್ಚು. ವರ್ಷಾನುಗಟ್ಟಲೆ ಹದಗೊಂಡ ಮರಳಲ್ಲಿ ಅಕ್ಕಿ ಸೀಯದೆ ಅರಳುತ್ತದೆ. ಅದನ್ನು ಯಾರೂ ಮಾರುವುದಿಲ್ಲ, ಯಾರೂ ಕೇಳುವುದಿಲ್ಲ. ಹೆಣ್ಣು ಕೇಳಲು ಬಂದವರು ಮಾತ್ರ, ಬಾಯಿಬಿಟ್ಟು ಹೇಳಲು ನಾಚಿ, "ಒಂದು ಮೊರ ಮರಳು ಸಿಗುತ್ತಾ?" ಅನ್ನುತ್ತಾರೆ. ಒಪ್ಪಿದರೆ ಹೆತ್ತವರು ಮೊರ ತುಂಬಿಸಿ ಕೊಡುತ್ತಾರೆ.

ವರ್ಷದ ಹಿಂದಿನ ಆ ದಿನ ಬೀದಿ ತುಂಬಾ ಕೇಂದ್ರದಿಂದ ಬಂದ ಪರೀಕ್ಷೆಯವರು. ಮನೆಮನೆಯ ಮರಳು ಕವರಿಗೆ ತುಂಬುತ್ತಿದ್ದರು. ಅಬ್ಬಾ ನಮಾಜಿಗೆ ಹೋಗಿದ್ದರು. ಪರೀಕ್ಷೆಯವರ ಹಿಂದೆ ನಿಂತಿದ್ದ ಮುಸವೀರ್ ಅದೇ ಮಾತು ಕೇಳಿದ್ದ. ಆಫೀಸಿನವರ ಜೊತೆ ಬಂದವನದು ಆಫೀಸಿನ ಮಾತೇ ಅಂದುಕೊಂಡು, ಇವಳು ಮುಖ ಕೂಡ ನೋಡದೆ ಮರಳನ್ನು ಕವರಿಗೆ ಸುರಿದು, ಹೆಸರಿನ ಚೀಟಿ ಅಂಟಿಸಿ, ಪರೀಕ್ಷೆಯವನ ಕೈಗಿಟ್ಟಿದ್ದಳು!

"ಆ ಗದ್ದಲದಲ್ಲಿ ಯಾರಾದ್ರೂ ಅದನ್ನ ಕೇಳ್ತಾರೇನ್ರೀ..." ಅವಳು ಬಗ್ಗಿ ಜರಡಿ ಎತ್ತಿಕೊಂಡಳು.

"ಒಬ್ನೇ ಬರೋಕೆ ಧೈರ್ಯ ಸಾಲ್ಲಿಲ್ಲ. ಅವ್ರ ಹಿಂದೆ ಬಂದೆ. ನೀನು ಬೇರೆಯವನ ಕೈಗೆ ಕೊಟ್ಟೆ. ಬೇಡ ಅಂದಂಗೆ ಅಂದ್ಕೊಂಡೆ." ಅವನು ನಗಲು ನೋಡಿದ, ಆಗಲಿಲ್ಲ. "ಪಿರಿಯಾಪಟ್ಟಣದಲ್ಲಿ ಹೊಸ ಕೇಂದ್ರ ತೆಗೀತಾವ್ರೆ. ನನ್ನ ಅಲ್ಲಿಗೆ ಹಾಕವ್ರೆ. ಬಸ್ ಹತ್ತೋ ಮುಂಚೆ ಒಂದ್ಸಲ ನೋಡಿ ಹೋಗಾನ ಅಂತ... ಬತ್ತೀನಿ."

ಹೋಗೇಬಿಟ್ಟ.

ಒಳಗಿನಿಂದ ತಾಯಿ ಬಷೀರಾಬಿ ಗೋಡೆ ಹಿಡಿದು ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಮೊರ ಯಾವ್ದು ಕವರ್ ಯಾವ್ದು ತಿಳೀದಿರೋಳು ಭಟ್ಟಿ ನಡೆಸ್ತಾಳಂತೆ!"

"ಅಮ್ಮಿ, ಬೈಬ್ಯಾಡ. ಸೀದ ಪುರಿ ಮತ್ತೆ ಅಕ್ಕಿ ಆಗ್ತದಾ?"

"ಆಗಲ್ಲ. ಆದ್ರೆ ಬಾಣಲೇಲಿ ಇನ್ನೂ ಅಕ್ಕಿ ಐತೆ ಕಣೆ ಹುಚ್ಚಿ. ಬಸ್ ಇನ್ನೂ ಹೋಗಿಲ್ಲ."

"ಮರಳು ಕೊಡ್ಬೇಕಾದ್ದು ಅಬ್ಬಾ..."

"ಅವ್ರು ಇಲ್ಲ. ನಾನಿದ್ದೀನಿ. ನಾನೂ ಹೋದ್ಮೇಲೆ ಯಾರ ಕೈ ಕಾಯ್ತೀಯ?"

ಮಾಹಿರಾ ಭಟ್ಟಿಯನ್ನು ನೋಡಿದಳು. ಇಷ್ಟು ದಿನ ಅವನ ಮೇಲಿನ ಸಿಟ್ಟೇ ಸೌದೆಯಾಗಿತ್ತು. ಸಿಟ್ಟು ಹೋದ ಮೇಲೆ ಕಂಡದ್ದು ಮೂಲೆಯಲ್ಲಿ ವಾಪಸ್ ಬಂದ ಪುರಿಯ ಚೀಲಗಳು, ಕೆಲಸಕ್ಕೆ ಬರುವುದು ನಿಲ್ಲಿಸಿದ ಹೆಂಗಸರ ಖಾಲಿ ಮಣೆಗಳು. ಪತ್ರ ಕಳಿಸದಿದ್ದರೂ ಈ ಬೆಂಕಿ ಉಳಿಯುತ್ತಿರಲಿಲ್ಲ... ಅದನ್ನು ಒಪ್ಪಿಕೊಳ್ಳುವುದೇ ಎಲ್ಲಕ್ಕಿಂತ ಕಹಿಯಾಗಿತ್ತು.

ಉರಿಯುವ ಕೊಳ್ಳಿಗಳನ್ನು ಒಂದೊಂದಾಗಿ ಹೊರಗೆಳೆದು ನೀರು ಹಾಕಿದಳು. ಚೊಯ್ಯ್ ಎಂದಿತು. ಪತ್ರದ ಧೂಳು ಒರೆಸಿ ರುಜು ಹಾಕಿದಳು. ಬಷೀರಾಬಿ ಬಾಣಲೆಯಿಂದ ಮೊರಕ್ಕೆ ಮರಳು ಸುರಿದು, ಮೇಲೆ ತನ್ನದೇ ಹಳೆಯ ದುಪಟ್ಟಾ ಹೊದಿಸಿದಳು.

ಬಸ್ ನಿಲ್ದಾಣದ ಹತ್ತಿರ, ಅಂಚೆ ಡಬ್ಬಿಯ ಪಕ್ಕದಲ್ಲೇ ಅವನು ನಿಂತಿದ್ದ. ಮೊರ ಹೊತ್ತು ಏದುಸಿರು ಬಿಡುತ್ತಾ ಬಂದವಳನ್ನು ಕಂಡು ಬ್ಯಾಗು ಕೆಳಗಿಟ್ಟ. ಅವಳ ಬೆರಳ ಸಂದಿಯಲ್ಲಿದ್ದ ಪತ್ರದ ಮೇಲೆ ಕಣ್ಣು ಬಿತ್ತು.

"ಕೊಡು, ನಾನೇ ತಲುಪಿಸ್ತೀನಿ."

"ಬ್ಯಾಡ. ಆಫೀಸಿಂದು ಅಂಚೇಲಿ ಹೋಗ್ಲಿ. ನಿಮ್ ಕೈಗೆ ಕೊಡೋದು ಇದು."

ಅವನು ಎರಡೂ ಕೈಯಲ್ಲಿ ಮೊರ ಹಿಡಿದ. ಕಣ್ಣು ತುಂಬಿತು.

"ಇನ್ನೂ ಬಿಸಿ ಐತೆ ಮಾಹಿರಾ..."

"ಅಬ್ಬಾ ಕಾಯಿಸಿದ ಮರಳು ಕಣ್ರೀ. ಅಷ್ಟು ಬೇಗ ಆರಲ್ಲ."

"ನನ್ ಮೇಲೆ ಸಿಟ್ಟು?"

"ಭಟ್ಟಿ ಆರಿದ್ದಕ್ಕೆ ಸಾಯೋಗಂಟ ಇರ್ತೈತೆ. ಅದನ್ನೂ ಸೇರಿಸ್ಕೊಂಡು ಕರ್ಕೊಂಡು ಹೋಗೋದಾದ್ರೆ... ಬತ್ತೀನಿ. ಅಮ್ಮೀನೂ ಬತ್ತಾಳೆ."

"ಮೊರ ತಗೊಂಡೋನು ಮರಳು ವಾಪಸ್ ಕೊಡಲ್ಲ ಕಣೆ," ಅಂದ ಅವನು ಮೆಲ್ಲಗೆ.

ಮಾಹಿರಾ ಡಬ್ಬಿಯ ಬಾಯಿಗೆ ಪತ್ರ ಹಿಡಿದಳು. ಬೆರಳು ಬಿಡಲೊಲ್ಲದು. ಒಮ್ಮೆ ತಿರುಗಿ ತಮ್ಮ ಬೀದಿಯ ಕಡೆ ನೋಡಿದಳು. ಸೂರುಗಳ ಮೇಲೆ ಎಲ್ಲೂ ಹೊಗೆ ಇರಲಿಲ್ಲ.

ಬಿಟ್ಟಳು.