ಬಲಗಿವಿಯ ಕಡೆಯಿಂದ

ಸತ್ತವನಿಗೆ ಬಲಗಿವಿ ಕೇಳುತ್ತಿರಲಿಲ್ಲ. ಹೊರದೇಶದ ಹಡಗುಕಟ್ಟೆಗೆ ವೆಲ್ಡರ್ ಆಗಿ ಹೋಗುವಾಗ ವೈದ್ಯರ ತುಟಿ ನೋಡಿ ಉತ್ತರ ಕೊಟ್ಟು ತಪಾಸಣೆ ದಾಟಿದ್ದ. ಅಲ್ಲಿ ಯಾರಿಗೂ ಹೇಳಿರಲಿಲ್ಲ. ತಿಳಿದರೆ ವಾಪಸು ಕಳಿಸುತ್ತಿದ್ದರು.

ಮಾರ್ಚ್ ಹನ್ನೊಂದರ ಬೆಳಿಗ್ಗೆ ಅವನ ಹೆಂಡತಿ ಠಾಣೆಗೆ ದೂರು ತಂದಳು. ಅವಳ ಗಂಡನನ್ನು ಜೊತೆ ಕೆಲಸದವನೊಬ್ಬ ಕಬ್ಬಿಣದ ಸರಳಿನಿಂದ ಹೊಡೆದು ಕೊಂದಿದ್ದ. ಮೊದಲ ಏಟಿಗೆ ಕಿವಿ ಹರಿದಿತ್ತು. ಬಿದ್ದ ಮೇಲೂ ಬುರುಡೆ ಬಿರಿಯುವ ತನಕ ಬಿಟ್ಟಿರಲಿಲ್ಲ. ಕೊಂದವನು ಇವರ ಬೀದಿಯವನೇ, ಹಳೇ ಜಗಳಕ್ಕೆ ಹಲ್ಲು ಮಸೆಯುತ್ತಿದ್ದವನು. ಈಗ ಅಲ್ಲಿನ ಜೈಲಿನಲ್ಲಿದ್ದ. ಕಣ್ಣಾರೆ ಕಂಡ ಫಿಟ್ಟರ್ ಫೋನಿನಲ್ಲಿ ಅವಳಿಗೆ ಹೇಳಿದ್ದನಂತೆ: ಎಡಗಡೆ ನಿಂತಿದ್ದವನು ಸುತ್ತು ಹಾಕಿಕೊಂಡು ಬಲಗಡೆಯಿಂದ ಬಂದ. ಕಿವಿಯ ಗುಟ್ಟನ್ನು ಊರಿನಿಂದಲೇ ಯಾರೋ ಅವನಿಗೆ ಹೇಳಿದ್ದಾರೆ ಎಂಬುದು ಅವಳ ದೂರು.

ಕಡಲಾಚೆಯ ಹೆಣಕ್ಕೆ ಪಂಚನಾಮೆ ಬರೆಯಲು ಈಜಿಕೊಂಡು ಹೋಗಬೇಕೇನೋ ಎಂದು ಠಾಣೆಯವರೆಲ್ಲ ಮೀಸೆ ಎಂದೇ ಕರೆಯುವ ಹೆಡ್ ಕಾನ್‌ಸ್ಟೇಬಲ್ ಗೊಣಗಿದ. ಇನ್‌ಸ್ಪೆಕ್ಟರ್ ಅವನನ್ನು ಸುಮ್ಮನಾಗಿಸಿದರು.

"ಕಿವಿ ವಿಷಯ ಯಾರ್ಯಾರಿಗೆ ಗೊತ್ತಿತ್ತಮ್ಮ?"

"ನನಗೆ, ಭಾವನಿಗೆ. ಅತ್ತೆ ತೀರ್ಕೊಂಡ್ರು."

"ಕೊಂದವನಿಗೆ ನೀವೇ ಯಾಕೆ ಹೇಳಿರಬಾರದು?"

"ನನ್ನ ಫೋನೂ ಇಟ್ಕೊಳ್ಳಿ ಸಾರ್. ಕೇಸು ಬರ್ಕೊಳ್ಳಿ. ಇಲ್ದಿದ್ರೆ ಭಾವನಿಗೆ ದಿನಾ ಊಟ ಬಡಿಸೋಳು ನಾನೇ."

ಕೊಲೆ ಎಲ್ಲೇ ಆಗಿರಲಿ, ಅದಕ್ಕೆ ನೆರವು ಕೊಟ್ಟದ್ದು ಈ ಸರಹದ್ದಿನಲ್ಲಾದರೆ ನೆರವಾದವನನ್ನು ಇಲ್ಲಿನ ಕೋರ್ಟು ವಿಚಾರಿಸಬಹುದು ಎಂದರು ಸರ್ಕಾರಿ ವಕೀಲರು. ಎಫ್‌ಐಆರ್ ದಾಖಲಾಯಿತು. ಹೆಂಡತಿಯ ಫೋನಿನಲ್ಲಿ ಏನೂ ಸಿಗಲಿಲ್ಲ. ಏಪ್ರಿಲ್ ಕೊನೆಗೆ ಅಲ್ಲಿನ ಪೊಲೀಸರು ಕೊಲೆಗಾರನ ಫೋನಿನಲ್ಲಿದ್ದ ಧ್ವನಿ ಸಂದೇಶವೊಂದನ್ನು ಕಳಿಸಿದರು. ಅವನಿಗೆ ಬಲಗಡೆ ಕೇಳಲ್ಲ, ಆ ಕಡೆಯಿಂದ ಹೋಗು ಎಂದಿತ್ತು.

ಸತ್ತವನ ಅಣ್ಣ ಮನೆಯಲ್ಲೇ ಸಿಕ್ಕ. ಅವನ ಬಲಗೈ ಮಣಿಕಟ್ಟಿನವರೆಗೆ ಮಾತ್ರ ಇತ್ತು.

"ದನಿ ನಂದೇ," ಎಂದ. "ರಕ್ತ ಬಿದ್ದಿದ್ದು ಅಲ್ಲಿ. ನಿಮ್ಮ ಕೋರ್ಟಿಗೇನು ಸಂಬಂಧ?"

"ಎಲ್ಲಿ ನಿಂತು ಮಾತಾಡ್ದೆ?"

"ಇಲ್ಲೇ, ಹಿತ್ತಲಲ್ಲಿ."

"ಹಿತ್ತಲು ನಮ್ಮ ಸರಹದ್ದು."

ಅಣ್ಣನಿಗೆ ತಡವಾಗಿ ಅರ್ಥವಾಯಿತು. ಎಡಗೈಗೆ ಸಿಕ್ಕ ಹಾರೆಯನ್ನು ಬೀಸಿದ. ಮೀಸೆಯ ಬಾಯಿ ಒಡೆದು ಎರಡು ಹಲ್ಲು ಕಿತ್ತುಬಂದವು. ಕಾನ್‌ಸ್ಟೇಬಲ್‌ಗಳು ಅಣ್ಣನ ಮುಖವನ್ನು ಒಗೆಯುವ ಕಲ್ಲಿಗೆ ಒತ್ತಿ ಹಿಡಿದರು. ಮೂಗು ಮುರಿದ ಸದ್ದು ಕೇಳಿಸಿತು. ಹಿತ್ತಲಿನ ಪಂಚನಾಮೆ ಮುಗಿಸಿ ಬಂಧಿಸಿದರು.

ಅಣ್ಣತಮ್ಮ ಮೊದಲು ತಗಡು ಕತ್ತರಿಸುವ ಒಂದೇ ಯಂತ್ರದಲ್ಲಿ ದುಡಿಯುತ್ತಿದ್ದವರು.

"ಕೈ ಸಿಕ್ಕಾಗ ನಿಲ್ಸು ಅಂತ ಕೂಗಿದೆ. ಅವನ ಬಲಗಡೆ ನಿಂತಿದ್ದೆ," ಎಂದ ಅಣ್ಣ, ಮೂಗಿಗೆ ಬಟ್ಟೆ ಒತ್ತಿಕೊಂಡು. "ಕಿವಿ ವಿಷಯ ಗೊತ್ತಾದ್ರೆ ಅವನ ಕೆಲ್ಸ ಹೋಗುತ್ತೆ ಅಂತ, ತಪ್ಪು ನಂದೇ ಅಂದೆ. ಹೊರದೇಶಕ್ಕೆ ಹೋದವನು ಒಂದು ದಿನಾನೂ ಕೈ ಹೇಗಿದೆ ಅಂತ ಕೇಳ್ಲಿಲ್ಲ."

ಮ್ಯಾಜಿಸ್ಟ್ರೇಟರು ವ್ಯಾಪ್ತಿಯ ತಕರಾರನ್ನು ತಳ್ಳಿಹಾಕಿ ಅವನನ್ನು ಜೈಲಿಗೆ ಕಳಿಸಿದರು.

ಆ ಮನೆಯಿಂದ ಹೋದದ್ದು ಒಂದು ಕೈ, ಇಬ್ಬರು ಗಂಡಸರು. ಠಾಣೆಯಿಂದ ಎರಡು ಹಲ್ಲು.